ದುಬೈಗೆ ಹೋದ ನಾಲ್ಕಾಣೆ

ಆರನೇ ತರಗತಿಗೆ ಕಾಂತದ ಪಾಠ ಮಾಡುವಾಗ ನನ್ನದೊಂದು ಹಳೆಯ ಪದ್ಧತಿ. ಮನೆಯಲ್ಲಿ ಬಿದ್ದಿರುವ ಲೋಹದ ಚೂರುಪಾರುಗಳನ್ನೆಲ್ಲ ತರಲು ಹೇಳುತ್ತೇನೆ. ಯಾವುದು ಕಾಂತಕ್ಕೆ ಅಂಟುತ್ತದೆ, ಯಾವುದು ಅಂಟುವುದಿಲ್ಲ ಎಂದು ಮಕ್ಕಳೇ ನೋಡಿ ಪಟ್ಟಿ ಮಾಡಬೇಕು. ಅಂಥ ಒಂದು ದಿನ ಮೊಳೆ, ಬೀಗದ ಕೈ, ಹಿತ್ತಾಳೆ ಚಮಚಗಳ ರಾಶಿಯ ನಡುವೆ ಒಬ್ಬ ಹುಡುಗ ಕಂಪಾಸ್ ಪೆಟ್ಟಿಗೆಯಿಂದ ಬೆಳ್ಳಗೆ ಹೊಳೆಯುವ ನಾಣ್ಯವೊಂದನ್ನು ತೆಗೆದಿಟ್ಟ. ಒಂದು ಮುಖದಲ್ಲಿ ಜಿಂಕೆ, ಇನ್ನೊಂದರಲ್ಲಿ ಅರಬಿ ಬರಹ.

“ಏನೋ ಇದು?”

“ದುಬೈ ನಾಲ್ಕಾಣೆ ಸರ್. ಅಪ್ಪ ಕೊಟ್ಟದ್ದು.”

ತರಗತಿ ನಕ್ಕಿತು. ನನಗೆ ಮಾತ್ರ ನಗು ಬರಲಿಲ್ಲ. ನಮ್ಮಲ್ಲಿ ಆಣೆಯ ಲೆಕ್ಕ 1957ರ ಏಪ್ರಿಲ್ 1ಕ್ಕೇ ಮುಗಿಯಿತು. ಆದರೂ ‘ನಾಲ್ಕಾಣೆ’ ಎಂಬ ಮಾತು ಇಪ್ಪತ್ತೈದು ಪೈಸೆಯ ಬೆನ್ನೇರಿ ಅರ್ಧ ಶತಮಾನ ಬದುಕಿತ್ತು. 2011ರ ಜೂನ್ ಕೊನೆಗೆ ಆ ನಾಣ್ಯವೂ ಚಲಾವಣೆಯಿಂದ ಹೋಯಿತು. ಈ ಹುಡುಗ ಆಗ ಹುಟ್ಟಿಯೇ ಇರಲಿಲ್ಲ. ನಮ್ಮ ಅಂಗಡಿಗಳಲ್ಲಿ ಸತ್ತುಹೋದ ಮಾತನ್ನು ಅವನು ದುಬೈಯಿಂದ ಬಂದ ಅಪ್ಪನಿಂದ ಕಲಿತಿದ್ದ!

ನಾಣ್ಯ ಕಾಂತಕ್ಕೆ ಅಂಟಲಿಲ್ಲ. ಬಣ್ಣ ನೋಡಿ “ಬೆಳ್ಳಿ” ಅಂದವರಿದ್ದರು, “ಸ್ಟೀಲು” ಅಂದವರಿದ್ದರು. ಎರಡೂ ಅಲ್ಲ. ಮುಕ್ಕಾಲು ಪಾಲು ತಾಮ್ರ, ಕಾಲು ಪಾಲು ನಿಕಲ್ ಸೇರಿದ ಮಿಶ್ರಲೋಹ ಅದು. ನಿಕಲ್ಲನ್ನು ಕಾಂತ ಸೆಳೆಯುತ್ತದೆ ನಿಜ, ಆದರೆ ಅಷ್ಟೊಂದು ತಾಮ್ರದ ಜೊತೆ ಬೆರೆತಾಗ ಆ ಗುಣ ಉಳಿಯುವುದಿಲ್ಲ. 1970ರ, 80ರ ದಶಕಗಳಲ್ಲಿ ನಮ್ಮ ಇಪ್ಪತ್ತೈದು ಪೈಸೆಯನ್ನೂ ಇದೇ ಮಿಶ್ರಲೋಹದಿಂದ ಮಾಡುತ್ತಿದ್ದರು. ಘೇಂಡಾಮೃಗದ ಚಿತ್ರವಿದ್ದ ಸ್ಟೀಲಿನ ನಾಲ್ಕಾಣೆ ಆಮೇಲೆ ಬಂದದ್ದು. ಆ ಕಾಲದಲ್ಲಿ ದುಬೈಗೆ ಇಳಿದ ನಮ್ಮವರ ಬೆರಳಿಗೆ ಈ ಜಿಂಕೆ ನಾಣ್ಯ ಹೆಚ್ಚೇನೂ ಹೊಸದೆನಿಸಿರಲಾರದು.

ಆದರೆ ಕಣ್ಣಿಗೆ ಹೊಸದು. ನಾಣ್ಯದ ಮೇಲೆ ದೇಶದ ಹೆಸರು ಇಂಗ್ಲಿಷಿನಲ್ಲೂ ಇದೆ, ಬೆಲೆ ಮಾತ್ರ ಅರಬಿ ಅಂಕಿಯಲ್ಲಿ. ಅಲ್ಲಿಯ ಐದು ನಮ್ಮ ಸೊನ್ನೆಯಂತೆ ದುಂಡಗಿರುತ್ತದೆ, ಸೊನ್ನೆ ಎಂದರೆ ಬರೀ ಒಂದು ಚುಕ್ಕಿ. ಐವತ್ತನ್ನು ನೋಡಿದವನು ‘ಸೊನ್ನೆ, ಆಮೇಲೊಂದು ಚುಕ್ಕಿ’ ಎಂದು ಓದಿಕೊಂಡರೆ ತಪ್ಪು ಅವನದೇ? (ತಮಾಷೆಯೆಂದರೆ ನಾವು 1, 2, 3ಕ್ಕೆ ಅರಬಿ ಅಂಕಿಗಳೆನ್ನುತ್ತೇವೆ, ಅರಬರು ತಮ್ಮ ಈ ಅಂಕಿಗಳನ್ನು ಹಿಂದ್ ದೇಶದ ಅಂಕಿಗಳೆನ್ನುತ್ತಾರೆ.) ಹೊಸಬನು ನಾಣ್ಯವನ್ನು ಚಿತ್ರದಿಂದಲೇ ಗುರುತಿಸಬೇಕು: ಜಿಂಕೆ ಇದ್ದರೆ ಇಪ್ಪತ್ತೈದು ಫಿಲ್ಸ್, ಎಣ್ಣೆ ಬಾವಿಯ ಅಟ್ಟಣೆ ಇದ್ದರೆ ಐವತ್ತು, ಕಾಫಿ ಹೂಜಿ ಇದ್ದರೆ ಒಂದು ದಿರ್ಹಮ್. ನೂರು ಫಿಲ್ಸಿಗೆ ಒಂದು ದಿರ್ಹಮ್. ಹಾಗಾಗಿ ಕಾಲು ದಿರ್ಹಮ್ ನಾಲ್ಕಾಣೆ, ಅರ್ಧ ಎಂಟಾಣೆ, ಇಡೀ ದಿರ್ಹಮ್ ‘ರೂಪಾಯಿ’. ಭಾಷೆ ಬಾರದ ಊರಿನಲ್ಲಿ ಚಿಲ್ಲರೆ ಎಣಿಸಲು ಇಷ್ಟು ಸಾಕು.

ಇದು ಬರೀ ನಮ್ಮವರ ಸೋಮಾರಿತನವಲ್ಲ. ಅಲ್ಲಿಯ ಹಳೆಯ ತಲೆಯ ಅರಬರೂ ದಿರ್ಹಮಿಗೆ ‘ರುಬಿಯಾ’ ಎನ್ನುವುದುಂಟು. ಅರಬಿಯಲ್ಲಿ ‘ಪ’ಕಾರವಿಲ್ಲ, ರುಪಿಯಾ ಹೋಗಿ ರುಬಿಯಾ ಆಗಿದೆ. ಒಮಾನಿನ ಚಿಲ್ಲರೆಗಂತೂ ಸರಕಾರಿ ಹೆಸರೇ ‘ಬೈಸಾ’, ನಮ್ಮ ಪೈಸೆಯೇ.

ಕಾರಣ ಇತಿಹಾಸದಲ್ಲಿದೆ. ಕುವೈತ್, ಬಹರೈನ್, ಕತಾರ್, ದುಬೈಗಳಲ್ಲಿ ಭಾರತದ ರೂಪಾಯಿಯೇ ಬಹುಕಾಲ ಚಲಾವಣೆಯ ಹಣವಾಗಿತ್ತು. ಅಲ್ಲಿಂದ ಚಿನ್ನ ಕಳ್ಳದಾರಿಯಲ್ಲಿ ಇಲ್ಲಿಗೆ ಬರುತ್ತಿತ್ತು, ಅದಕ್ಕೆ ಕೊಟ್ಟ ರೂಪಾಯಿ ಅಲ್ಲಿಗೆ ಹೋಗಿ, ಪೌಂಡು ಕೇಳಿಕೊಂಡು ಮತ್ತೆ ನಮ್ಮ ರಿಸರ್ವ್ ಬ್ಯಾಂಕಿಗೇ ಬರುತ್ತಿತ್ತು. ವಿದೇಶಿ ವಿನಿಮಯ ಸೋರಿಹೋಗುವುದನ್ನು ತಡೆಯಲು 1959ರಲ್ಲಿ ಆ ಪ್ರದೇಶಕ್ಕೆಂದೇ ಬೇರೆ ಬಣ್ಣದ ನೋಟುಗಳನ್ನು ಅಚ್ಚುಹಾಕಿದರು. ಅದೇ ‘ಗಲ್ಫ್ ರೂಪಾಯಿ’. ಕ್ರಮಸಂಖ್ಯೆಯ ಮೊದಲು ಝಡ್ ಅಕ್ಷರ ಇರುತ್ತಿತ್ತು.

1966ರ ಜೂನ್ 6ರಂದು ಭಾರತ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ನಾಲ್ಕೂಮುಕ್ಕಾಲು ರೂಪಾಯಿಗೆ ಸಿಗುತ್ತಿದ್ದ ಡಾಲರಿಗೆ ಏಳೂವರೆ ಆಯಿತು. ಕುವೈತ್, ಬಹರೈನ್ ಮೊದಲೇ ಸ್ವಂತ ದಿನಾರ್ ಮಾಡಿಕೊಂಡಿದ್ದವು. ಈಗ ಕತಾರ್ ಮತ್ತು ದುಬೈ ಕೂಡ ರೂಪಾಯಿಯನ್ನು ಬಿಟ್ಟು ರಿಯಾಲ್ ತಂದವು. ಅದಕ್ಕೆ ಕೊಟ್ಟ ಬೆಲೆ ಅಪಮೌಲ್ಯಕ್ಕೆ ಮೊದಲಿನ ರೂಪಾಯಿಯದೇ. 1973ರಲ್ಲಿ ದಿರ್ಹಮ್ ಬಂದಾಗ ಆ ರಿಯಾಲಿಗೆ ಒಂದಕ್ಕೊಂದರಂತೆ ಬದಲಾಯಿಸಿದರು. ಅಂದರೆ ನಮ್ಮ ಹುಡುಗನ ‘ದುಬೈ ನಾಲ್ಕಾಣೆ’ ಅಡ್ಡಹೆಸರಾದರೂ ಸುಳ್ಳಲ್ಲ, ವಂಶಾವಳಿ ಸರಿಯಾಗಿಯೇ ಇದೆ. ಬಹರೈನಿನಲ್ಲಿ 1965ರಲ್ಲಿ ಹತ್ತು ರೂಪಾಯಿಗೆ ಒಂದು ದಿನಾರ್ ಎಂದು ಗೊತ್ತುಮಾಡಿದ್ದರು, ದಿನಾರಿಗೆ ಸಾವಿರ ಫಿಲ್ಸ್. ಅಲ್ಲಿ ನೂರು ಫಿಲ್ಸಿಗೆ ‘ರುಬಿಯಾ’ ಎನ್ನುವುದೂ ಹಾಗೆಯೇ ಲೆಕ್ಕಕ್ಕೆ ಸರಿ. ಮಕ್ಕಳು ಮಾಡಿ ನೋಡಬಹುದು.

ಹೆಸರು ಸರಿಯಿದ್ದರೂ ಬೆಲೆ ಅಲ್ಲೇ ನಿಲ್ಲಲಿಲ್ಲವಲ್ಲ! 2024ರ ಹೊತ್ತಿಗೆ ಒಂದು ದಿರ್ಹಮಿಗೆ ನಮ್ಮ 22-23 ರೂಪಾಯಿ. ಆ ‘ನಾಲ್ಕಾಣೆ’ ಐದೂವರೆ ರೂಪಾಯಿಯ ಆಸುಪಾಸು. ಇಲ್ಲಿಯೇ ಈ ಹೆಸರಿನ ಪೇಚು. ದುಬೈಯಲ್ಲಿ ಹದಿನೈದು ವರ್ಷ ದುಡಿದು ಬಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹೇಳಿದ ಮಾತು: “ಮೊದಲ ಮೂರು ತಿಂಗಳು ಚಾ ಕುಡಿಯಲಿಲ್ಲ ಸರ್. ಒಂದು ದಿರ್ಹಮಿನ ಚಾ, ಊರಿನ ಲೆಕ್ಕಕ್ಕೆ ಗುಣಿಸಿದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೋಣೆಯಲ್ಲಿದ್ದ ಹಿರಿಯರೊಬ್ಬರು ಬೈದರು. ‘ಗುಣಿಸುವುದು ಬಿಡು ಮಾರಾಯ, ಅದು ಒಂದು ರೂಪಾಯಿ ಅಂತ ತಿಳಿದುಕೊಂಡು ಕುಡಿ’ ಅಂದರು. ಅಂದಿನಿಂದ ಕುಡಿದೆ.” ಸ್ವಲ್ಪ ತಡೆದು, “ಆಮೇಲೆ ಎಲ್ಲದಕ್ಕೂ ರೂಪಾಯಿ ಅಂತಲೇ ಅಂದುಕೊಂಡೆ, ಕೈಯಲ್ಲಿ ಏನೂ ನಿಲ್ಲದೆ ಹೋಯಿತು. ಮನೆಗೆ ದುಡ್ಡು ಕಳಿಸುವ ದಿನ ಮಾತ್ರ ಮತ್ತೆ ಗುಣಿಸುತ್ತಿದ್ದೆ” ಅಂದ. ಗಣಿತದಲ್ಲಿ ಅವನು ಜಾಣನೇನೂ ಆಗಿರಲಿಲ್ಲ. ಈ ಲೆಕ್ಕ ಮಾತ್ರ ಚೆನ್ನಾಗಿ ಕಲಿತಿದ್ದ.

ಪರದೇಶದ ಚಿಲ್ಲರೆಗೆ ಮನೆಯ ಹೆಸರಿಡುವುದು ನಮ್ಮವರೊಬ್ಬರ ಗುಣವಲ್ಲ. ಈಜಿಪ್ಟಿನಲ್ಲಿ ಬೀಡುಬಿಟ್ಟಿದ್ದ ಬ್ರಿಟಿಷ್ ಮತ್ತು ಆಸ್ಟ್ರೇಲಿಯಾದ ಸೈನಿಕರು ಅಲ್ಲಿಯ ಪಿಯಾಸ್ಟರ್ ನಾಣ್ಯವನ್ನು ಪ್ರಾಸ ಕೂಡಿಸಿ ‘ಡಿಸಾಸ್ಟರ್’ ಎಂದು ಕರೆದರು, ಅಂದರೆ ಅನಾಹುತ! ಒಂದು ಈಜಿಪ್ಟ್ ಪೌಂಡಿಗೆ ನೂರು ಅನಾಹುತ. ಚಿಲ್ಲರೆಗೆ ಅರಬಿಯಲ್ಲಿ ‘ಫಕ್ಕಾ’ ಎನ್ನುತ್ತಾರೆ. ಅದು ಅವರ ಬಾಯಲ್ಲಿ ‘ಆಕರ್ಸ್’ ಆಯಿತೆಂದು ನಿಘಂಟುಗಳು ಹೇಳುತ್ತವೆ. ಅವರದು ಪ್ರೀತಿಯ ಹೆಸರಲ್ಲ, ಆಳುವವನ ಅಸಡ್ಡೆ ಅದರಲ್ಲಿ ಕಾಣುತ್ತದೆ ಎಂದು ನನಗನ್ನಿಸುತ್ತದೆ.

ಇನ್ನೊಂದು ಉದಾಹರಣೆ ನಮ್ಮ ಮನೆಯದೇ. ದಕ್ಷಿಣ ಭಾರತದ ತೀರಕ್ಕೆ ಬಂದ ಪೋರ್ಚುಗೀಸರು ‘ಕಾಸು’ ಎಂಬ ಮಾತನ್ನು ಕೇಳಿ ತಮ್ಮ ನಾಲಗೆಗೆ ತಿರುಗಿಸಿಕೊಂಡರು. ಇಂಗ್ಲಿಷರಲ್ಲಿ ಅದು ‘ಕ್ಯಾಶ್’ ಆಯಿತು. ಅವರು ಚೀನಾಕ್ಕೆ ಹೋದಾಗ, ನಡುವೆ ಚೌಕ ತೂತಿದ್ದ ಅಲ್ಲಿಯ ಪುಡಿ ತಾಮ್ರದ ನಾಣ್ಯಕ್ಕೂ ಅದೇ ಹೆಸರಿಟ್ಟರು. ಚೀನೀಯರು ತಮ್ಮ ನಾಣ್ಯವನ್ನು ಎಂದೂ ಹಾಗೆ ಕರೆದವರಲ್ಲ. ಬ್ಯಾಂಕಿನಲ್ಲಿ ನಾವು ಹೇಳುವ ನಗದಿನ ‘ಕ್ಯಾಶ್’ ಬೇರೆ ಮಾತು, ಹಣದ ಪೆಟ್ಟಿಗೆ ಎಂಬರ್ಥದ ಫ್ರೆಂಚ್ ಪದದಿಂದ ಬಂದದ್ದು. ಎರಡನ್ನೂ ಬೆರೆಸಬಾರದು. ನಮ್ಮ ಕಾಸು ಹೀಗೆ ಊರೂರು ಸುತ್ತಿ, ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ನಾಣ್ಯದ ಮೇಲೆ ತನ್ನ ಇಂಗ್ಲಿಷ್ ವೇಷದೊಂದಿಗೇ ಎದುರಾಯಿತು: ಕನ್ನಡದಲ್ಲಿ ‘ಮಯಿಲಿ ಕಾಸು 20’, ಜೊತೆಗೆ ಇಂಗ್ಲಿಷ್ ಲಿಪಿಯಲ್ಲಿ ‘ಕ್ಯಾಶ್’. ಮನೆಯಲ್ಲಿ ಅಜ್ಜನ ಕಾಲದ ನಾಣ್ಯಗಳಿದ್ದರೆ ಹುಡುಕಿ ನೋಡಿ. ಆದರೆ ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಅಕ್ಷರಗಳು ಸವೆದುಹೋಗುತ್ತವೆ.

ಪಾಠ ಮುಗಿದ ಮೇಲೆ ಪ್ರಯೋಗಾಲಯದ ಗಾಜಿನ ಪೆಟ್ಟಿಗೆಯಲ್ಲಿಡಲು ಆ ಜಿಂಕೆ ನಾಣ್ಯವನ್ನು ಕೊಡುತ್ತೀಯಾ ಎಂದು ಹುಡುಗನನ್ನು ಕೇಳಿದೆ. ಅವನು ತಲೆಯಾಡಿಸಿಬಿಟ್ಟ.

“ಆಗಲ್ಲ ಸರ್. ಅಪ್ಪ ಎರಡು ವರ್ಷಕ್ಕೊಮ್ಮೆ ಬರುವುದು. ಮುಂದಿನ ಸಲ ಬಂದು ಹೋಗುವಾಗ ವಾಪಸು ಕೊಡಬೇಕು. ಅಲ್ಲಿ ಅಂಗಡಿಯಲ್ಲಿ ಚಿಲ್ಲರೆಗೆ ಕಷ್ಟವಂತೆ.”

ಅದನ್ನು ಕಂಪಾಸ್ ಪೆಟ್ಟಿಗೆಯಲ್ಲಿ, ಕೋನಮಾಪಕದ ಕೆಳಗೆ ಇಟ್ಟು ಮುಚ್ಚಿದ.