ಬೀದರ ಸೀಮೆಯ ಪಂಢರಪುರ ವಾರಿ

ಪಂಢರಪುರ ವಾರಿ ಎಂಬುದು ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಪಂಢರಪುರಕ್ಕೆ ವಿಠ್ಠಲನ ದರ್ಶನಾರ್ಥವಾಗಿ ವರ್ಷವರ್ಷವೂ ತಪ್ಪದೆ ಕೈಗೊಳ್ಳುವ ಕಾಲ್ನಡಿಗೆಯ ಯಾತ್ರೆ. ಕರ್ನಾಟಕದ ಉತ್ತರದ ತುದಿಯಲ್ಲಿರುವ ಬೀದರ ನಗರ, ಭಾಲ್ಕಿ ಹಾಗೂ ಔರಾದ ಭಾಗದ ಭಕ್ತರೂ ‘ದಿಂಡಿ’ ಎಂಬ ತಂಡಗಳಾಗಿ ಈ ಯಾತ್ರೆ ಮಾಡುತ್ತಾರೆ. ನೂರಾರು ಕಿಲೋಮೀಟರು ಉದ್ದದ ಈ ನಡಿಗೆಯ ದಾರಿಯನ್ನು ಶತಮಾನಗಳ ಕಾಲ ಉಳಿಸಿಕೊಂಡು ಬಂದವರು ಸಂಬಳವಿಲ್ಲದೆ ದುಡಿಯುವ ಸೇವಕರು ಮತ್ತು ದಾರಿಯುದ್ದದ ಗ್ರಾಮಸ್ಥರು.

ಹೆಸರು ಮತ್ತು ಕಾಲ

‘ವಾರಿ’ ಎಂದರೆ ಮತ್ತೆ ಮತ್ತೆ ಹೋಗಿಬರುವುದು. ಹಾಗೆ ನಿಯಮದಿಂದ ಹೋಗಿಬರುವವನು ವಾರಕರಿ. ಒಮ್ಮೆ ಹೋಗಿ ಬಂದವನು ಯಾತ್ರಿಕನಷ್ಟೆ. ಚೈತ್ರ, ಆಷಾಢ, ಕಾರ್ತಿಕ ಮತ್ತು ಮಾಘ ಮಾಸಗಳ ಶುದ್ಧ ಏಕಾದಶಿಗಳಿಗೆ ನಾಲ್ಕು ವಾರಿಗಳುಂಟು. ಇವುಗಳಲ್ಲಿ ಆಷಾಢದ್ದು ಎಲ್ಲಕ್ಕಿಂತ ದೊಡ್ಡದು. ನಮ್ಮಲ್ಲಿ ಪ್ರಥಮ ಏಕಾದಶಿ ಎನ್ನುವ ದಿನವೇ ಅದು. ಮುಂಗಾರಿನ ಬಿತ್ತನೆ ಮುಗಿದು, ಹೆಸರು ಉದ್ದುಗಳು ಮೊಳೆತು, ಒಕ್ಕಲಿಗನಿಗೆ ಕೆಲವು ದಿನ ಬಿಡುವು ದೊರೆಯುವ ಹೊತ್ತು. ಮಳೆ ತಡವಾದ ವರ್ಷ ಹೊಲವೋ ವಾರಿಯೋ ಎಂಬ ಇಕ್ಕಟ್ಟು ಅನೇಕ ಮನೆಗಳಲ್ಲಿ ಏಳುತ್ತದೆ.

ಬೀದರಿನ ನಂಟು

ಬೀದರಿಗೂ ಪಂಢರಪುರಕ್ಕೂ ಇರುವ ಸಂಬಂಧವನ್ನು ದಾಮಾಜಿಪಂತನ ಕಥೆ ಹೇಳುತ್ತದೆ. ದಾಮಾಜಿಯು 15ನೆಯ ಶತಮಾನದಲ್ಲಿ ಬಹಮನಿ ಸುಲ್ತಾನರ ಅಧೀನದಲ್ಲಿ ಮಂಗಳವೇಢೆಯ ಅಧಿಕಾರಿಯಾಗಿದ್ದನೆಂದು ಪರಂಪರೆ ಹೇಳುತ್ತದೆ. ಭೀಕರ ಬರಗಾಲದಲ್ಲಿ ಅವನು ಸರ್ಕಾರಿ ಕಣಜಗಳನ್ನು ಜನರಿಗೆ ತೆರೆದುಕೊಟ್ಟ. ಕುಪಿತನಾದ ಸುಲ್ತಾನನು ಅವನನ್ನು ಬೀದರಿಗೆ ಹಿಡಿದು ತರಿಸಿದ. ಆಗ ವಿಠ್ಠಲನೇ ‘ವಿಠು ಮಹಾರ’ ಎಂಬ ಆಳಿನ ವೇಷದಲ್ಲಿ ಬೀದರಿನ ದರ್ಬಾರಿಗೆ ಬಂದು ಧಾನ್ಯದ ಹಣವನ್ನೆಲ್ಲ ಸಲ್ಲಿಸಿ ರಸೀದಿ ಪಡೆದನೆಂಬುದು ಕಥೆ. ಇದು ಇತಿಹಾಸವಲ್ಲ, ಸಂತಕಥೆ. ಆದರೂ ಭಕ್ತರು ಪಂಢರಪುರಕ್ಕೆ ನಡೆಯುವುದು ಲೋಕರೂಢಿಯಾದರೆ, ದೇವರೇ ಬೀದರಿಗೆ ನಡೆದು ಬಂದನೆಂಬ ಈ ಕಥೆ ಇಲ್ಲಿನವರಿಗೆ ವಿಶೇಷ ಅಭಿಮಾನದ ಸಂಗತಿ. ಬಸವಣ್ಣನವರು ಕಲ್ಯಾಣಕ್ಕೆ ಬರುವ ಮುನ್ನ ಇದ್ದ ಊರೆಂದು ಮಂಗಳವೇಢೆಯು ಶರಣ ಪರಂಪರೆಯವರಿಗೂ ಪೂಜ್ಯವಾಗಿದೆ.

ಹಳೆಯ ಬೀದರ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿ ಕನ್ನಡ, ಮರಾಠಿ, ತೆಲುಗು ಮೂರೂ ಭಾಷೆಗಳ ನೆಲವಾಗಿತ್ತು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ, ಭಾಲ್ಕಿ, ಔರಾದ, ಹುಮನಾಬಾದ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಬಂದವು. ಉದಗೀರ, ನಿಲಂಗಾ ಭಾಗಗಳು ಮುಂಬಯಿ ರಾಜ್ಯಕ್ಕೆ ಹೋದವು. ನಕ್ಷೆಯ ಮೇಲೆ ಗೆರೆ ಎಳೆದರೂ ಬೀಗರ ಮನೆಗಳು, ಜಾತ್ರೆಗಳು, ಸಪ್ತಾಹಗಳು ಗೆರೆಯ ಎರಡೂ ಬದಿ ಉಳಿದವು. ಹೀಗಾಗಿ ಈ ಸೀಮೆಯ ದಿಂಡಿಯಲ್ಲಿ ಹಾಡುವ ಅಭಂಗ ಮರಾಠಿಯದಾದರೂ, ಕಾಲಿಗೆ ಮುಳ್ಳು ಚುಚ್ಚಿದಾಗ ಬರುವ ಮಾತು ಕನ್ನಡದ್ದೂ ಆಗಿರುತ್ತದೆ.

ಹಾದಿ

ವಾರಿಗಳಲ್ಲಿ ಪ್ರಸಿದ್ಧವಾದವು ಆಳಂದಿಯಿಂದ ಹೊರಡುವ ಜ್ಞಾನೇಶ್ವರರ ಪಲ್ಲಕ್ಕಿ ಮತ್ತು ದೇಹುವಿನಿಂದ ಹೊರಡುವ ತುಕಾರಾಮರ ಪಲ್ಲಕ್ಕಿ. ಇವು ಜ್ಯೇಷ್ಠ ವದ್ಯದಲ್ಲಿ ಹೊರಟು ಸುಮಾರು 250 ಕಿ.ಮೀ. ನಡೆದು ಆಷಾಢ ದಶಮಿಯ ಹೊತ್ತಿಗೆ ಪಂಢರಪುರ ಸೇರುತ್ತವೆ. ಬೀದರ ಸೀಮೆಯವರದು ಪೂರ್ವದಿಂದ ಬರುವ ದಾರಿ. ಬೀದರಿನಿಂದ ಹುಮನಾಬಾದ, ಉಮರಗಾ, ನಳದುರ್ಗಗಳ ಮೇಲೆ ಸೊಲ್ಲಾಪುರಕ್ಕೆ ಹೆದ್ದಾರಿಯಿದೆ. ಭಾಲ್ಕಿ, ಔರಾದ ಕಡೆಯವರಿಗೆ ನಿಲಂಗಾ, ಔಸಾ, ತುಳಜಾಪುರದ ಮಾರ್ಗವೂ ಉಂಟು. ಯಾವ ದಾರಿ ಹಿಡಿದರೂ ಬೀದರಿನಿಂದ 250 ಕಿ.ಮೀ.ಗೂ ಹೆಚ್ಚು. ದಿನಕ್ಕೆ 20ರಿಂದ 25 ಕಿ.ಮೀ. ನಡೆದರೆ ಹನ್ನೆರಡು ದಿನಗಳ ಆಸುಪಾಸು ಹಿಡಿಯುತ್ತದೆ. ಎರೆಭೂಮಿಯ ಕಾಲುದಾರಿಗಳು ಮಳೆಯಲ್ಲಿ ಕಾಲನ್ನೇ ಕಿತ್ತುಕೊಳ್ಳುವಂತೆ ಅಂಟುವುದರಿಂದ ಡಾಂಬರು ರಸ್ತೆಯೇ ಗತಿ.

ಅಮೆರಿಕದಲ್ಲಿ 1921ರಲ್ಲಿ ಬೆಂಟನ್ ಮೆಕೇ ಸೂಚಿಸಿ 1937ರಲ್ಲಿ ಪೂರ್ಣಗೊಂಡ ಅಪಲಾಚಿಯನ್ ಹಾದಿಯನ್ನು, ಸುಮಾರು 3,500 ಕಿ.ಮೀ. ಉದ್ದಕ್ಕೂ, ಸ್ವಯಂಸೇವಕ ಸಂಘಗಳು ನೋಡಿಕೊಳ್ಳುತ್ತವೆ. ಅಲ್ಲಿ ಸೇವಕರ ಕೆಲಸವೆಂದರೆ ಬಿದ್ದ ಮರ ಕತ್ತರಿಸುವುದು, ಮೆಟ್ಟಿಲು ಕಟ್ಟುವುದು, ದಾರಿ ತಪ್ಪದಂತೆ ಮರಗಳಿಗೆ ಬಿಳಿ ಬಣ್ಣದ ಪಟ್ಟಿ ಬಳಿಯುವುದು. ವಾರಿಯಲ್ಲಿ ದಾರಿಯನ್ನು ಗುರುತಿಸುವುದು ಬಣ್ಣದಿಂದಲ್ಲ, ಮುಕ್ಕಾಮಿನಿಂದ. ಇಂಥ ತಿಥಿಯಂದು ಇಂಥ ಊರಿನಲ್ಲಿ ವಸತಿ, ಇಂಥ ಮಾರುತಿ ಗುಡಿಯಲ್ಲಿ ಮಧ್ಯಾಹ್ನದ ವಿಶ್ರಾಂತಿ ಎಂಬ ಒಪ್ಪಂದವೇ ಇಲ್ಲಿ ಹಾದಿ. ಒಂದು ಮುಕ್ಕಾಮು ತಪ್ಪಿದರೆ ಅಷ್ಟು ದಾರಿ ಕಡಿದುಹೋದಂತೆಯೇ ಸರಿ.

ದಿಂಡಿಯ ವ್ಯವಸ್ಥೆ

ತುಕಾರಾಮರ ಮಗ ನಾರಾಯಣ ಮಹಾರಾಜರು 1685ರಲ್ಲಿ ಪಲ್ಲಕ್ಕಿಯ ಪದ್ಧತಿ ಆರಂಭಿಸಿದರೆಂದು ಹೇಳಲಾಗುತ್ತದೆ. ಆಳಂದಿಯ ಪಲ್ಲಕ್ಕಿಗೆ ಇಂದಿನ ಶಿಸ್ತು ತಂದವರು 19ನೆಯ ಶತಮಾನದ ಹೈಬತಬಾಬಾ ಅರಫಳಕರ. ಅವರು ಶಿಂದೆ ಸರ್ಕಾರದ ಸೇವೆಯಲ್ಲಿದ್ದವರು. ಸೈನ್ಯದ ನಡೆಯಂತೆ ದಿಂಡಿಗಳಿಗೆ ಕ್ರಮಸಂಖ್ಯೆ ಮತ್ತು ಸ್ಥಾನ ಗೊತ್ತುಮಾಡಿದರು. ಈ ಕೆಲಸದಲ್ಲಿ ನೆರವಾದವರು ಬೆಳಗಾವಿ ಜಿಲ್ಲೆಯ ಅಂಕಲಿಯ ಶಿತೋಳೆ ಸರದಾರರು. ಇಂದಿಗೂ ಆ ಪಲ್ಲಕ್ಕಿಯ ಮುಂದೆ ನಡೆಯುವ ಕುದುರೆಗಳು ಅಂಕಲಿಯಿಂದಲೇ ಕಾಲ್ನಡಿಗೆಯಲ್ಲಿ ಆಳಂದಿಗೆ ಹೋಗುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರನಿರುತ್ತಾನೆ. ಇನ್ನೊಂದು ಬರಿಬೆನ್ನಿನದು, ಅದರ ಮೇಲೆ ಜ್ಞಾನೇಶ್ವರರೇ ಕುಳಿತಿರುವರೆಂಬ ನಂಬಿಕೆ.

ಚಿಕ್ಕ ದಿಂಡಿಯೂ ಇದೇ ಮಾದರಿಯನ್ನು ಅನುಸರಿಸುತ್ತದೆ. ಮುಂದೆ ಕೇಸರಿ ಪತಾಕೆಯವರು, ಅವರ ಹಿಂದೆ ತಾಳದವರ ಸಾಲುಗಳು, ನಡುವೆ ಪಖವಾಜ ಮತ್ತು ವೀಣೆ, ಕೊನೆಯಲ್ಲಿ ತಲೆಯ ಮೇಲೆ ತುಳಸಿ ಬೃಂದಾವನ ಹಾಗೂ ನೀರಿನ ಕೊಡ ಹೊತ್ತ ಸ್ತ್ರೀಯರು. ವೀಣೆ ಹಿಡಿದವನ ಸ್ಥಾನ ಎಲ್ಲರಿಗಿಂತ ಹಿರಿದು. ವಯಸ್ಸಿನಲ್ಲಿ ಹಿರಿಯರೂ ಅವನ ಪಾದಕ್ಕೆ ಎರಗುತ್ತಾರೆ. ಇಷ್ಟು ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗವೇ ಹೆಚ್ಚು ಶ್ರಮದ್ದು. ಹೆಸರು ಬರೆದುಕೊಂಡು ವಂತಿಗೆ ಕೂಡಿಸುವವರು, ಪಾತ್ರೆ ಮತ್ತು ಹಾಸಿಗೆ ತುಂಬಿದ ಟೆಂಪೊದಲ್ಲಿ ಮುಂದಾಗಿ ಹೋಗಿ ಒಲೆ ಹೂಡುವವರು, ನೀರಿನ ಟ್ಯಾಂಕರ್ ಹೊಂದಿಸುವವರು, ನಡೆಯಲಾರದೆ ಹಿಂದುಳಿದ ಮುದುಕರನ್ನು ಎಣಿಸಿ ಕರೆತರುವವರು ಇಲ್ಲದಿದ್ದರೆ ದಿಂಡಿ ಎರಡನೆಯ ದಿನವೇ ಚದುರಿಹೋದೀತು. ದಾರಿಯ ಊರುಗಳವರು ರೊಟ್ಟಿ, ಪಿಟ್ಲೆ, ಚಹಾ ಕೊಡುತ್ತಾರೆ. ಪಲ್ಲಕ್ಕಿಯ ದೊಡ್ಡ ಮಾರ್ಗಗಳಲ್ಲಿ ವೈದ್ಯರು ಔಷಧ ಕೊಡುವುದು, ಚಮ್ಮಾರರು ಚಪ್ಪಲಿ ಹೊಲಿದುಕೊಡುವುದು, ಕ್ಷೌರಿಕರು ಕ್ಷೌರ ಮಾಡುವುದು, ಕೆಲವರು ಅಪರಿಚಿತರ ಕಾಲು ಒತ್ತುವುದು, ಎಲ್ಲವೂ ಉಚಿತ ಸೇವೆಯೇ.

ಆಳಂದಿ ಪಲ್ಲಕ್ಕಿಯ ಸಂಜೆಯ ‘ಸಮಾಜ ಆರತಿ’ಯಲ್ಲಿ ಒಂದು ರೂಢಿ ಗಮನಾರ್ಹವಾದುದು. ದಿಂಡಿಗಳೆಲ್ಲ ಸುತ್ತುಗಟ್ಟಿ ನಿಂತು ತಾಳ ಬಾರಿಸುತ್ತಿರುವಾಗ ಚೋಪದಾರನು ಬೆಳ್ಳಿಯ ದಂಡವನ್ನು ಎತ್ತುತ್ತಾನೆ. ಸಾವಿರಾರು ತಾಳಗಳು ಒಮ್ಮೆಗೇ ನಿಲ್ಲುತ್ತವೆ. ಯಾವ ದಿಂಡಿಗೆ ದೂರು ಇದೆಯೋ ಅದು ಮಾತ್ರ ತಾಳ ಬಾರಿಸುತ್ತಲೇ ಇರುತ್ತದೆ. ಚೋಪದಾರನು ಅಲ್ಲಿಗೇ ಹೋಗಿ ಅಹವಾಲು ಕೇಳಬೇಕು. ಬಳಿಕ ಕಳೆದ ಮತ್ತು ಸಿಕ್ಕ ವಸ್ತುಗಳ ಘೋಷಣೆ, ಮರುದಿನ ಹೊರಡುವ ವೇಳೆಯ ಸೂಚನೆ. ಅರ್ಜಿ ಬರೆಯಲು ಬಾರದವರಿಗೂ ನ್ಯಾಯ ಕೇಳಲು ಇದಕ್ಕಿಂತ ಸುಲಭವಾದ ವಿಧಾನ ಕಾಣುವುದಿಲ್ಲ.

ಭೇದಾಭೇದ

ದಿಂಡಿಯಲ್ಲಿ ಜಾತಿಭೇದವಿಲ್ಲವೆಂಬ ಮಾತನ್ನು ಹಾಗೆಯೇ ಒಪ್ಪುವಂತಿಲ್ಲ. ಸಮಾಜಶಾಸ್ತ್ರಜ್ಞೆ ಇರಾವತಿ ಕರ್ವೆಯವರು ದಿಂಡಿಯೊಂದರ ಜೊತೆ ನಡೆದು ಬರೆದ ಪ್ರಬಂಧದಲ್ಲಿ (ಇಂಗ್ಲಿಷಿನಲ್ಲಿ 1962), ಒಂದೇ ಅಭಂಗ ಹಾಡಿದವರು ಊಟಕ್ಕೆ ಮಾತ್ರ ಜಾತಿಯಂತೆ ಬೇರೆ ಬೇರೆ ಕುಳಿತುದನ್ನು ನೋವಿನಿಂದ ದಾಖಲಿಸಿದ್ದಾರೆ. ಸಂತ ಚೋಖಾಮೇಳನಿಗೆ ಗುಡಿಯೊಳಗೆ ಪ್ರವೇಶವಿರಲಿಲ್ಲ. ಮಂಗಳವೇಢೆಯಲ್ಲಿ ಗೋಡೆ ಕುಸಿದು ತೀರಿಕೊಂಡ ಅವನ ಸಮಾಧಿ ಪಂಢರಪುರದ ಮಹಾದ್ವಾರದ ಎದುರಿಗಿದೆ. ದಲಿತರಿಗೆ ಆ ಗುಡಿ ತೆರೆದದ್ದು ಸಾನೆ ಗುರೂಜಿಯವರು 1947ರಲ್ಲಿ ಉಪವಾಸ ಕೈಗೊಂಡ ಮೇಲೆ. ಪಂಢರಪುರಕ್ಕೆ ನಡೆದುಹೋಗುವ ಜನರ ನಾಡೇ ಮಹಾರಾಷ್ಟ್ರ ಎಂಬರ್ಥದ ಮಾತನ್ನೂ ಕರ್ವೆಯವರು ಹೇಳಿದ್ದಾರೆ. ಬೀದರ, ಭಾಲ್ಕಿ, ಔರಾದದ ದಿಂಡಿಗಳನ್ನು ಅವರು ಕಂಡಿದ್ದರೆ ಆ ವ್ಯಾಖ್ಯೆಯನ್ನು ತುಸು ತಿದ್ದಿಕೊಳ್ಳುತ್ತಿದ್ದರೇನೋ.

ಅಪಾಯಗಳು

ಹಿಂದೆ ವಾರಿಯ ದೊಡ್ಡ ಭಯ ಕಾಲರಾ. ಇಂದಿನ ಭಯ ವಾಹನ. 2022ರ ಅಕ್ಟೋಬರ್ 31ರಂದು ಕಾರ್ತಿಕ ವಾರಿಗೆ ಹೊರಟಿದ್ದ ಕೊಲ್ಹಾಪುರ ಜಿಲ್ಲೆಯ ದಿಂಡಿಯೊಂದಕ್ಕೆ ಸಾಂಗೋಲಾ ಸಮೀಪ ಕಾರು ನುಗ್ಗಿ ಏಳು ಮಂದಿ ಮೃತಪಟ್ಟರು. ಆಳಂದಿ ಮತ್ತು ದೇಹುವಿನ ಪಲ್ಲಕ್ಕಿ ಮಾರ್ಗಗಳನ್ನು ರಾಷ್ಟ್ರೀಯ ಹೆದ್ದಾರಿಗಳಾಗಿ ಅಗಲಗೊಳಿಸಿ, ಬದಿಯಲ್ಲಿ ನಡೆಯುವವರಿಗೆ ಪ್ರತ್ಯೇಕ ಪಥ ಕಲ್ಪಿಸುವ ಯೋಜನೆಗೆ 2021ರ ನವೆಂಬರ್ 8ರಂದು ಶಂಕುಸ್ಥಾಪನೆಯಾಯಿತು. ಪೂರ್ವದಿಕ್ಕಿನಿಂದ ಬರುವ ಚಿಕ್ಕ ದಿಂಡಿಗಳು ಈ ಯೋಜನೆಯ ಹೊರಗಿವೆ. ಅವು ಲಾರಿಗಳ ನಡುವೆ ಹೆದ್ದಾರಿಯ ಅಂಚಿನಲ್ಲಿಯೇ ಸಾಗಬೇಕು. ಆದ್ದರಿಂದ ಇಂಥ ದಿಂಡಿಯಲ್ಲಿ ವೀಣೆಯವನಷ್ಟೇ ಮುಖ್ಯನಾದವನು ಕಟ್ಟಕಡೆಗೆ ಕೆಂಪು ಬಟ್ಟೆ ಹಿಡಿದು ನಡೆಯುವ ಸೇವಕ; ನಸುಕಿನಲ್ಲಿ ಅವನ ಕೈಯಲ್ಲಿ ಬ್ಯಾಟರಿ ಇರಬೇಕು. ಸ್ತ್ರೀಯರಿಗೆ ಶೌಚದ ಅನುಕೂಲ ಇನ್ನೊಂದು ಕೊರತೆ. ದೊಡ್ಡ ಮಾರ್ಗಗಳಲ್ಲಿ ಸಂಚಾರಿ ಶೌಚಾಲಯಗಳೂ, ಪುಣೆಯ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯ ವಿದ್ಯಾರ್ಥಿಗಳ ಸ್ವಚ್ಛತಾ ಸೇವೆಯೂ ಬಂದಿವೆ. ಗಡಿಭಾಗದ ಕಾಲೇಜುಗಳ ವಿದ್ಯಾರ್ಥಿಗಳಿಗೂ ಇದು ಕೈಗೆಟುಕದ ಕೆಲಸವೇನಲ್ಲ.

2020 ಮತ್ತು 2021ರಲ್ಲಿ ಕೊರೊನಾ ಕಾರಣದಿಂದ ಸಾಮೂಹಿಕ ನಡಿಗೆ ನಿಂತು, ಸಂತರ ಪಾದುಕೆಗಳನ್ನು ಬಸ್ಸಿನಲ್ಲಿ ಪಂಢರಪುರಕ್ಕೆ ಒಯ್ಯಲಾಯಿತು. 2022ರಲ್ಲಿ ವಾರಿ ಮತ್ತೆ ಕಾಲ್ನಡಿಗೆಯಲ್ಲಿ ಹೊರಟಿತು.

ಮರಳುವಿಕೆ

ಏಕಾದಶಿಯಂದು ಚಂದ್ರಭಾಗೆಯಲ್ಲಿ, ಅಂದರೆ ಪಂಢರಪುರದ ಬಳಿ ಅರ್ಧಚಂದ್ರದಂತೆ ಬಾಗಿ ಹರಿಯುವ ಭೀಮಾ ನದಿಯಲ್ಲಿ, ಸ್ನಾನ, ಬಳಿಕ ದರ್ಶನ. ಸರತಿಯ ಸಾಲು ಬಹು ಉದ್ದವಾದಾಗ ಅನೇಕರು ಶಿಖರಕ್ಕೆ ಕೈಮುಗಿದೇ ತೃಪ್ತರಾಗುತ್ತಾರೆ. ಹುಣ್ಣಿಮೆಯಂದು ಗೋಪಾಳಪುರದಲ್ಲಿ ಅರಳು ಮೊಸರು ಕಲಸಿ ಹಂಚುವ ‘ಕಾಲಾ’ದೊಂದಿಗೆ ವಾರಿ ಮುಗಿಯುತ್ತದೆ. ಹೋಗುವಾಗ ನಡೆದವರು ಮರಳುವಾಗ ಸಾಮಾನ್ಯವಾಗಿ ಬಸ್ಸು, ರೈಲು, ಟೆಂಪೊಗಳನ್ನು ಹಿಡಿಯುತ್ತಾರೆ. ಎರಡು ವಾರದ ದಾರಿ ಒಂದೇ ದಿನದಲ್ಲಿ ಹಿಂದೆ ಸರಿಯುತ್ತದೆ. ಊರಿನಲ್ಲಿ ಹೆಸರಿನ ಹೊಲ ಕಳೆ ತೆಗೆಯಲು ಬಂದಿರುತ್ತದೆ.