ನಾಲಿಗೆಯ ಮೇಲೆ ಕರಗುವ ಸಕ್ಕರೆ ಕಾಯಿಲೆಯ ಔಷಧ

ಅಂಚೆಚೀಟಿಯಷ್ಟು ಅಗಲದ ಒಂದು ತೆಳು ಹಾಳೆ. ನಾಲಿಗೆಯ ಮೇಲಿಟ್ಟರೆ ಸುಮಾರು ಒಂದು ನಿಮಿಷದೊಳಗೆ ಕರಗಿಹೋಗುತ್ತದೆ, ನೀರು ಬೇಕಿಲ್ಲ. ಇದೇ ಓರಲ್ ಫಿಲ್ಮ್. ವಾಂತಿ ತಡೆಯುವ ಒಂಡಾನ್ಸೆಟ್ರಾನ್ ಔಷಧದ ಫಿಲ್ಮಿಗೆ ಅಮೆರಿಕದಲ್ಲಿ 2010ರಲ್ಲೇ ಅನುಮತಿ ಸಿಕ್ಕಿದೆ. ಸಕ್ಕರೆ ಕಾಯಿಲೆಯ ಔಷಧವನ್ನೂ ಹೀಗೆ ಕೊಡಬಹುದೇ ಎಂದು ಫಾರ್ಮಸಿ ಕಾಲೇಜುಗಳಲ್ಲಿ ಪ್ರಯೋಗಗಳು ನಡೆಯುತ್ತಿವೆ. ನನ್ನ ಆಪಾ ಬಿ.ಫಾರ್ಮಾ ಕೊನೆಯ ವರ್ಷದ ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಇದನ್ನೇ.

ನನಗೆ ಆಸಕ್ತಿ ಹುಟ್ಟಿದ್ದು ದಾದಿಯಿಂದ. ಪಾರ್ಶ್ವವಾಯು ಆದ ಮೇಲೆ ಅವರಿಗೆ ನೀರು ಕುಡಿದರೂ ಕೆಮ್ಮು ಬರುತ್ತದೆ. ಮಾತ್ರೆ ಪುಡಿ ಮಾಡಿ ಕೊಡೋಣವೆಂದರೆ ಎಲ್ಲ ಮಾತ್ರೆಗಳನ್ನೂ ಪುಡಿ ಮಾಡುವಂತಿಲ್ಲ. ನಿಧಾನವಾಗಿ ಬಿಡುಗಡೆಯಾಗಬೇಕಾದ ಮೆಟ್‌ಫಾರ್ಮಿನ್ ಮಾತ್ರೆಯನ್ನು ಪುಡಿ ಮಾಡಿದರೆ ಇಡೀ ದಿನದ ಔಷಧ ಒಂದೇ ಸಲ ದೇಹಕ್ಕೆ ಸೇರುತ್ತದೆ.

ಫಿಲ್ಮ್ ತಯಾರಿಸುವ ಕ್ರಮ ನಮ್ಮ ಮನೆಗಳಲ್ಲಿ ಹಪ್ಪಳ ಒಣಗಿಸಿದಂತೆಯೇ ಇದೆ. ಎಚ್‌ಪಿಎಂಸಿ ಎಂಬ, ಸಸ್ಯದ ಸೆಲ್ಯುಲೋಸ್‌ನಿಂದ ಮಾಡಿದ ಪಾಲಿಮರನ್ನು ನೀರಿನಲ್ಲಿ ಕರಗಿಸಬೇಕು. ಹಾಳೆ ಮುರಿಯದೆ ಬಾಗಲೆಂದು ಗ್ಲಿಸರಾಲ್, ಸಿಹಿಗೆ ಸಕ್ಕರೆಯ ಬದಲು ಸುಕ್ರಲೋಸ್, ಜೊಲ್ಲು ಬರಿಸಲು ಸಿಟ್ರಿಕ್ ಆಮ್ಲ. ಔಷಧ ಬೆರೆಸಿ, ಗುಳ್ಳೆಗಳು ಹೋಗುವವರೆಗೆ ಬಿಟ್ಟು, ಪೆಟ್ರಿ ತಟ್ಟೆಗೆ ಸುರಿದು ಒಣಗಿಸಿ, ಸುಲಿದು ಕತ್ತರಿಸುವುದು. ಕೆಲವರು ಜೆಲಾಟಿನ್ ಬಳಸುತ್ತಾರೆ. ಅದು ಪ್ರಾಣಿಮೂಲದ್ದು, ಹಾಗಾಗಿ ಹಲಾಲ್ ಆಗಿದೆಯೇ ಎಂದು ವಿಚಾರಿಸಬೇಕಾಗುತ್ತದೆ. ಎಚ್‌ಪಿಎಂಸಿಗೆ ಆ ಪ್ರಶ್ನೆ ಬರುವುದಿಲ್ಲ.

ಎಷ್ಟು ಔಷಧ ಹಾಕಬೇಕು? 9 ಸೆಂ.ಮೀ. ವ್ಯಾಸದ ತಟ್ಟೆಯ ವಿಸ್ತೀರ್ಣ ಸುಮಾರು 63.6 ಚದರ ಸೆಂ.ಮೀ. ಒಂದು ತುಂಡು 2×2, ಅಂದರೆ 4 ಚದರ ಸೆಂ.ಮೀ. ಪ್ರತಿ ತುಂಡಿನಲ್ಲಿ 2 ಮಿ.ಗ್ರಾಂ. ಗ್ಲಿಮೆಪಿರೈಡ್ ಇರಬೇಕಾದರೆ ಇಡೀ ತಟ್ಟೆಗೆ ಸುಮಾರು 32 ಮಿ.ಗ್ರಾಂ. ಬೇಕು. ಮೇಜು ಸ್ವಲ್ಪ ಓರೆಯಾಗಿದ್ದರೂ ಒಂದು ಬದಿ ದಪ್ಪವಾಗಿ, ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ಕಡಿಮೆ ಔಷಧ ಹೋಗುತ್ತದೆ. ಗ್ಲಿಮೆಪಿರೈಡ್ ಹೆಚ್ಚಾದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ಆದ್ದರಿಂದ ಇಲ್ಲಿ ಮಟ್ಟಗೋಲು ತಕ್ಕಡಿಯಷ್ಟೇ ಮುಖ್ಯ.

ಇದೇ ಲೆಕ್ಕ ಮೆಟ್‌ಫಾರ್ಮಿನ್‌ಗೆ ಫಿಲ್ಮ್ ಏಕೆ ಹೊಂದುವುದಿಲ್ಲ ಎಂಬುದನ್ನೂ ಹೇಳುತ್ತದೆ. 0.1 ಮಿ.ಮೀ. ದಪ್ಪದ ಅಂಥ ತುಂಡಿನ ಒಟ್ಟು ತೂಕವೇ ಸುಮಾರು 50 ಮಿ.ಗ್ರಾಂ. ಅದರೊಳಗೆ 500 ಮಿ.ಗ್ರಾಂ. ಔಷಧ ಹಿಡಿಸುವುದು ಹೇಗೆ?

ನನಗೆ ಅತ್ಯಂತ ಸ್ವಾರಸ್ಯಕರ ಎನಿಸಿದ್ದು ಇನ್ನೊಂದು ಸಂಗತಿ. ಫಿಲ್ಮ್ ಕರಗಿತು ಎಂದರೆ ಔಷಧ ಕರಗಿತು ಎಂದರ್ಥವಲ್ಲ. ಗ್ಲಿಮೆಪಿರೈಡ್ ನೀರಿನಲ್ಲಿ ಬಹಳ ಕಡಿಮೆ ಕರಗುತ್ತದೆ. ಹಾಳೆ ಮಾಯವಾದರೂ ಅದರ ಕಣಗಳು ಜೊಲ್ಲಿನಲ್ಲಿ ತೇಲುತ್ತ ಹೊಟ್ಟೆಗೆ ಹೋಗಬಹುದು. ಆಗ ಅದು ಮಾತ್ರೆಯ ದಾರಿಯನ್ನೇ ಹಿಡಿಯುತ್ತದೆ. ಔಷಧ ಚೆನ್ನಾಗಿ ಕರಗಲೆಂದು ಸೈಕ್ಲೋಡೆಕ್ಸ್‌ಟ್ರಿನ್ ಎಂಬ ಉಂಗುರದಂಥ ಅಣುವಿನೊಳಗೆ ಅದನ್ನು ಕೂರಿಸಿ ನೋಡುತ್ತಾರೆ.

ನುಂಗಲು ಸುಲಭವಾಗುವುದಷ್ಟೇ ಈ ಫಿಲ್ಮಿನ ಖಚಿತವಾದ ಲಾಭ ಎಂದು ನನಗನಿಸುತ್ತದೆ. ರಂಜಾನ್‌ನಲ್ಲಿ ಇದು ಉಪಾಯವಾದೀತೇ ಎಂದು ಗೆಳತಿಯೊಬ್ಬಳು ಕೇಳಿದಳು. ಕರಗಿದ್ದು ಜೊಲ್ಲಿನೊಂದಿಗೆ ಗಂಟಲಿಗಿಳಿಯುತ್ತದಲ್ಲ! ಉಪವಾಸವಿರುವಾಗ ಗ್ಲಿಮೆಪಿರೈಡ್ ಸಕ್ಕರೆಯನ್ನು ಮತ್ತಷ್ಟು ಇಳಿಸಲೂಬಹುದು. ಪ್ರಮಾಣವನ್ನೂ ಹೊತ್ತನ್ನೂ ರೋಜಾ ಆರಂಭವಾಗುವ ಮೊದಲೇ ವೈದ್ಯರ ಹತ್ತಿರ ಕೇಳಿ ಬದಲಿಸಿಕೊಳ್ಳಬೇಕು.