ಮೀನಳದೇವಿ ಕನ್ನಡತಿಯೇ? ಪುರಾವೆ ಎಲ್ಲಿದೆ?

ನಮ್ಮ ಸಂಘದ ಯುಗಾದಿ ಕೂಟದಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದಳು. ಏನಮ್ಮಾ ಎಂದು ವಿಚಾರಿಸಿದೆ.

“ಆಂಟೀ, ಸಿದ್ಧರಾಜ ಜಯಸಿಂಹನ ತಾಯಿ ಮೀನಳದೇವಿ ಕನ್ನಡತಿ, ಅವಳ ಮಾತೃಭಾಷೆ ಕನ್ನಡ ಅಂತ ವಿಕಿಪೀಡಿಯದಲ್ಲಿ ಬರೆದೆ. ಯಾರೋ ಅಳಿಸಿಬಿಟ್ಟರು. ಮತ್ತೆ ಹಾಕಿದೆ, ಮತ್ತೆ ಅಳಿಸಿದರು. ಇಲ್ಲಿಯವರಿಗೆ ನಮ್ಮ ಹೆಸರೇ ಬೇಡ!”

ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲೇ ಹುಟ್ಟಿ ಬೆಳೆದ ನಿಮಗೆ ಈ ನೋವು ಸಣ್ಣದಲ್ಲ. “ನೀವು ಹೊರಗಿನವರು” ಎಂಬ ಮಾತು ಕೇಳಿದವರಿಗೆ, ಒಂಬೈನೂರು ವರ್ಷಗಳ ಹಿಂದೆಯೇ ನಮ್ಮ ಕಡೆಯ ಹೆಣ್ಣುಮಗಳು ಈ ನಾಡಿನ ರಾಣಿಯಾಗಿದ್ದಳು ಎಂಬುದು ಎಷ್ಟು ಧೈರ್ಯ ಕೊಡುತ್ತದೆ! ಆದರೂ ಅಳಿಸಿದವರದು ತಪ್ಪಲ್ಲ ಎಂದೇ ನನ್ನ ಅಭಿಪ್ರಾಯ.

2001ರಲ್ಲಿ ಆರಂಭವಾದ ವಿಕಿಪೀಡಿಯ 2003ರಿಂದ ಕನ್ನಡದಲ್ಲೂ ಇದೆ. ಅಲ್ಲಿ ಯಾರು ಬೇಕಾದರೂ ಬರೆಯಬಹುದು, ತಿದ್ದಬಹುದು. ಆದ್ದರಿಂದಲೇ ಒಂದು ಕಟ್ಟುಪಾಡು: ಬರೆದವರು ಯಾರು ಎಂಬುದಲ್ಲ, ಎಲ್ಲಿಂದ ತಂದರು ಎಂಬುದು ಮುಖ್ಯ. ಯಾರಾದರೂ ಪ್ರಶ್ನಿಸಿದರೆ ಉಲ್ಲೇಖ ಒದಗಿಸುವ ಹೊಣೆ ಬರೆದವರದೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದೂ ಇದನ್ನೇ.

ಮೀನಳದೇವಿಯ ವಿಷಯದಲ್ಲಿ ಪುರಾವೆ ಏನಿದೆ? ಸಿದ್ಧರಾಜನ ಆಸ್ಥಾನದಲ್ಲಿದ್ದ ಹೇಮಚಂದ್ರಾಚಾರ್ಯರು ‘ದ್ವ್ಯಾಶ್ರಯ’ ಕಾವ್ಯದಲ್ಲಿ ಅವಳನ್ನು ದಕ್ಷಿಣದ ಚಂದ್ರಪುರದ ಜಯಕೇಶಿಯ ಮಗಳು ಎನ್ನುತ್ತಾರೆ. ಸುಮಾರು 1304ರಲ್ಲಿ ‘ಪ್ರಬಂಧಚಿಂತಾಮಣಿ’ ರಚಿಸಿದ ಮೇರುತುಂಗಾಚಾರ್ಯರು ಆ ಜಯಕೇಶಿಯನ್ನು ಕರ್ಣಾಟಕ್ಕೆ ಸೇರಿಸುತ್ತಾರೆ. ಇತಿಹಾಸಕಾರರು ಅವನನ್ನು ಗೋವೆಯ ಕದಂಬ ದೊರೆ ಎಂದು ಗುರುತಿಸಿದ್ದಾರೆ. ಆ ಕದಂಬರ ಶಾಸನಗಳು ಕನ್ನಡದಲ್ಲೂ ಸಂಸ್ಕೃತದಲ್ಲೂ ಇವೆ.

“ಹಾಗಾದರೆ ಕನ್ನಡತಿಯೇ ಆದಳಲ್ಲ ಆಂಟೀ?”

ಸ್ವಲ್ಪ ತಾಳು ಎಂದೆ. ಅವಳು ಜಯಕೇಶಿಯ ಮಗಳು ಎಂಬುದು ಒಂದು ಸಂಗತಿ. ಆ ಮನೆತನದ ಶಾಸನಗಳು ಕನ್ನಡದಲ್ಲಿವೆ ಎಂಬುದು ಇನ್ನೊಂದು. ಎರಡನ್ನೂ ಸೇರಿಸಿ ಹೊಲಿದು “ಮಾತೃಭಾಷೆ ಕನ್ನಡ” ಎಂಬ ಮೂರನೆಯದನ್ನು ನಾವೇ ತಯಾರಿಸಿದರೆ ಅದು ಸ್ವಂತ ಸಂಶೋಧನೆ. ನಿಜವಿದ್ದರೂ ಇರಬಹುದು, ಆದರೆ ವಿಕಿಪೀಡಿಯದಲ್ಲಿ ಅದಕ್ಕೆ ಜಾಗವಿಲ್ಲ. ವಿದ್ವಾಂಸರೊಬ್ಬರು ಹಾಗೆ ಬರೆದು ಪ್ರಕಟಿಸಿದ್ದರೆ ಅವರ ಹೆಸರು ಹೇಳಿ ಬರೆಯಬಹುದು.

ವಿದ್ವಾಂಸರೇ ಒಪ್ಪದಿದ್ದರೆ? ರಾಷ್ಟ್ರಕೂಟರನ್ನೇ ನೋಡಿ. ಅವರ ಒಂದು ಶಾಖೆ ಲಾಟ ದೇಶವನ್ನು, ಅಂದರೆ ಇಂದಿನ ದಕ್ಷಿಣ ಗುಜರಾತನ್ನು ಆಳಿತು. ಅವರಲ್ಲಿ ಕರ್ಕರಾಜನು 821ರಲ್ಲಿ ಬರೆಸಿದ ತಾಮ್ರಪಟಗಳು ಸೂರತ್‌ನ ಹೆಸರಿನಿಂದಲೇ ಪ್ರಸಿದ್ಧ. ರಾಷ್ಟ್ರಕೂಟರ ಮೂಲ ಮರಾಠಿ ಎಂದರು ಸಿ. ವಿ. ವೈದ್ಯ, ಕನ್ನಡ ಎಂದರು ಅ. ಸ. ಅಳತೇಕರ್. ಅಳತೇಕರರು ಸ್ವತಃ ಮಹಾರಾಷ್ಟ್ರದವರು ಎಂಬುದನ್ನು ಗಮನಿಸಿ! ಇಂಥಲ್ಲಿ ಲೇಖನ ಯಾರ ಪಕ್ಷವನ್ನೂ ಹಿಡಿಯದೆ, ಇಬ್ಬರ ಅಭಿಪ್ರಾಯವನ್ನೂ ಅವರವರ ಹೆಸರಿನಲ್ಲಿ, ಅದಕ್ಕಿರುವ ಮನ್ನಣೆಯಷ್ಟೇ ತೂಕದಲ್ಲಿ ಕೊಡಬೇಕು.

ಜಗಳ ಬಿಡಿಸಿಕೊಳ್ಳಲು ಮೆಟ್ಟಿಲುಗಳಿವೆ. ಪ್ರತಿ ಲೇಖನಕ್ಕೂ ಒಂದು ಚರ್ಚೆ ಪುಟ ಇರುತ್ತದೆ; ಮೊದಲು ಅಲ್ಲಿ ಮಾತಾಡಬೇಕು. ಇಬ್ಬರೂ ಪಟ್ಟು ಬಿಡದಿದ್ದರೆ ಇಂಗ್ಲಿಷ್ ವಿಕಿಪೀಡಿಯದಲ್ಲಿ ಮೂರನೆಯವರ ಅಭಿಪ್ರಾಯ ಕೇಳಬಹುದು. ಅದಕ್ಕೂ ಬಗ್ಗದಿದ್ದರೆ ಎಲ್ಲ ಸಂಪಾದಕರನ್ನೂ ಚರ್ಚೆಗೆ ಕರೆಯಬಹುದು. ಅದು ಸಾಮಾನ್ಯವಾಗಿ 30 ದಿನ ನಡೆಯುತ್ತದೆ. ಅಲ್ಲಿ ಕೈಯೆತ್ತಿಸಿ ಎಣಿಸುವುದಿಲ್ಲ, ವಾದದ ಬಲ ನೋಡುತ್ತಾರೆ. ಅದನ್ನು ಬಿಟ್ಟು ಒಂದೇ ಪುಟದಲ್ಲಿ 24 ಗಂಟೆಯೊಳಗೆ ಮೂರಕ್ಕಿಂತ ಹೆಚ್ಚು ಸಲ ಇನ್ನೊಬ್ಬರ ತಿದ್ದುಪಡಿ ಅಳಿಸಿದರೆ ನಿಮ್ಮನ್ನೇ ತಡೆಹಿಡಿಯಬಹುದು.

ಆ ಹುಡುಗಿಗೆ ಕೊನೆಗೆ ಒಂದು ಕಥೆ ಹೇಳಿದೆ. ಅಹಮದಾಬಾದಿನಿಂದ ಸುಮಾರು 40 ಕಿಲೋಮೀಟರ್ ದೂರದ ಧೋಳಕಾದಲ್ಲಿ ಮೀನಳದೇವಿ ಕಟ್ಟಿಸಿದ್ದೆನ್ನುವ ಮಲಾವ್ ಕೆರೆ ಇದೆ. ಕಟ್ಟುವಾಗ ಒಬ್ಬಳ ಮನೆ ಅಡ್ಡ ಬಂತಂತೆ. ಎಷ್ಟು ಹಣ ಕೊಟ್ಟರೂ ಅವಳು ಬಿಡಲೊಲ್ಲಳು. ರಾಣಿ ಬಲವಂತ ಮಾಡಲಿಲ್ಲ. ಕೆರೆಯ ಅಂದ ಕೆಟ್ಟರೂ ಚಿಂತೆಯಿಲ್ಲ ಎಂದು ಮನೆ ಉಳಿಸಿದಳು. ನ್ಯಾಯ ನೋಡಬೇಕಾದರೆ ಮಲಾವ್‌ಗೆ ಹೋಗು ಎಂದು ಗುಜರಾತಿಗಳು ಇಂದಿಗೂ ಹೇಳುತ್ತಾರೆ. ಇದು ಐತಿಹ್ಯ, ವಿಕಿಪೀಡಿಯದಲ್ಲಿ ಬರೆದರೆ ಐತಿಹ್ಯವೆಂದೇ ಬರೆಯಬೇಕು. ಆದರೆ ಅವಳನ್ನು ನಮ್ಮವಳು ಎನ್ನುವ ನಾವು ಅವಳ ಗುಣವನ್ನೂ ಕಲಿಯಬೇಡವೇ?

ಹುಡುಗಿ ಚರ್ಚೆ ಪುಟದಲ್ಲಿ ಮೊದಲು ಕ್ಷಮೆ ಕೇಳಿದಳು. ಆಮೇಲೆ ಎ. ಕೆ. ಮಜುಂದಾರರು ಗುಜರಾತಿನ ಚೌಲುಕ್ಯರನ್ನು ಕುರಿತು 1956ರಲ್ಲಿ ಪ್ರಕಟಿಸಿದ ಗ್ರಂಥವನ್ನು ಹುಡುಕಿ ಓದಿ, “ಹೇಮಚಂದ್ರರ ಪ್ರಕಾರ ಜಯಕೇಶಿಯ ಮಗಳು” ಎಂದಷ್ಟೇ ಬರೆದಳು. ವಾಕ್ಯ ಚಿಕ್ಕದಾಯಿತು. ಆದರೆ ಈವರೆಗೆ ಅದನ್ನು ಯಾರೂ ಅಳಿಸಿಲ್ಲ.